ನಾಲ್ಕಿಂಚು ಬೆಳೆದ ಕಲ್ಲಿನ ಹೆಂಗಸು

ನಮ್ಮ ಸಸ್ಯೋದ್ಯಾನದಲ್ಲಿ ಏಳು ಶಿಲ್ಪಗಳಿವೆ. ಅವು ಖಾಯಂ ಶಿಲ್ಪಗಳು. ಹಾಗಂತ ಗೇಟಿನ ಪಕ್ಕದ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಅವು ಬಂದು ಆರು ವರ್ಷವಾಯಿತು. ನಾನು ಬಂದು ಹತ್ತೊಂಬತ್ತು ವರ್ಷವಾಯಿತು. ನಾನು ತಾತ್ಕಾಲಿಕ.

ಈ ವಿಷಯವನ್ನು ನನ್ನ ಹೆಂಡತಿ ತಿಂಗಳಿಗೊಮ್ಮೆಯಾದರೂ ನೆನಪಿಸುತ್ತಾಳೆ.

"ಆ ಕಲ್ಲು ನಿಂತ ಕಡೆ ನಿಂತೇ ಖಾಯಂ ಆಯ್ತು ನೋಡಿ. ನೀವು ಹತ್ತೊಂಬತ್ತು ವರ್ಷದಿಂದ ಓಡಾಡ್ತಾನೇ ಇದೀರ. ಒಂದು ವರ್ಷ ಸುಮ್ನೆ ನಿಂತು ನೋಡಿ, ಏನಾಗುತ್ತೋ."

ಏನು ಮಾಡಲಿ, ನನ್ನ ಕೆಲಸವೇ ಓಡಾಟದ್ದು. ನಾನು ತೋಟದ ಅಳತೆಗಾರ. ಇಲ್ಲಿರುವ ಎರಡು ಸಾವಿರದ ಮುನ್ನೂರ ನಲವತ್ತು ಗಿಡಮರಗಳ ಎತ್ತರವನ್ನು ವರ್ಷಕ್ಕೊಮ್ಮೆ ಅಳೆದು ದಪ್ಪ ಪುಸ್ತಕದಲ್ಲಿ ಬರೆಯಬೇಕು. ಅದಕ್ಕೆಂದು ಏಳಡಿಯ ಮರದ ಕೋಲೊಂದನ್ನು ಕೊಟ್ಟಿದ್ದಾರೆ. ಅಡಿಗೊಂದು ಕೆಂಪು ಗೆರೆ, ಇಂಚಿಗೊಂದು ಕಪ್ಪು ಗೆರೆ. ಅದಕ್ಕಿಂತ ಎತ್ತರದ ಮರಕ್ಕೆ ಏಣಿ, ಏಣಿಗೂ ಎಟುಕದ ಮರಕ್ಕೆ ಕಣ್ಣಂದಾಜು. ಸುಮ್ಮನೆ ಹೋಗಿ ಕೋಲು ಆನಿಸಿ ಬರೆದುಕೊಂಡು ಬಂದರೆ ಯಾರೂ ಕಣ್ಣೆತ್ತಿಯೂ ನೋಡುವುದಿಲ್ಲ. ಆದ್ದರಿಂದ ಪ್ರತಿ ಅಳತೆಗೂ ಮುಂಚೆ ಕೋಲನ್ನು ನೆಲಕ್ಕೆ ಟಕ್ ಟಕ್ ಟಕ್ ಎಂದು ಮೂರು ಸಲ ಕುಟ್ಟುವುದನ್ನು ರೂಢಿ ಮಾಡಿಕೊಂಡಿದ್ದೆ. ಬೆಂಚಿನ ಮೇಲೆ ಕೂತವರು ತಿರುಗಿ ನೋಡುತ್ತಿದ್ದರು. ಮಕ್ಕಳು ತಾಯಂದಿರನ್ನು "ಅವರು ಯಾರಮ್ಮ?" ಎಂದು ಕೇಳುತ್ತಿದ್ದವು. ತಾತ್ಕಾಲಿಕ ನೌಕರನಿಗೆ ಅಷ್ಟಾದರೂ ಬೇಡವೇ?

ಶಿಲ್ಪಗಳು ಬಂದ ವರ್ಷ ಅವನ್ನು ಯಾವ ಪುಸ್ತಕದಲ್ಲಿ ಬರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆಗಿದ್ದ ನಿರ್ದೇಶಕರು, ಅಂದರೆ ನಮ್ಮ ಬಾಯಲ್ಲಿ ದೊಡ್ಡ ಸಾಹೇಬರು, "ತೋಟದ ನೆಲದಲ್ಲಿ ನಿಂತಿರೋದಕ್ಕೆಲ್ಲ ಒಂದೇ ಪುಸ್ತಕ" ಎಂದುಬಿಟ್ಟರು. ನಾನು ಮರುದಿನವೇ ಅವನ್ನು ಗಿಡಗಳ ಪುಸ್ತಕಕ್ಕೆ ಏರಿಸಿದೆ. ಹಾಳೆಯ ಒಂದು ಮನೆಯನ್ನೂ ಖಾಲಿ ಬಿಡಬಾರದೆಂಬ ಆಜ್ಞೆ ಇತ್ತು, ಬಿಡಲಿಲ್ಲ. ಹೆಸರು: ಕಾಯುತ್ತಿರುವ ಹೆಂಗಸು. ಕುಟುಂಬ: ಒಬ್ಬಳೇ. ಎತ್ತರ: ಐದಡಿ ಎರಡಿಂಚು. ಹೂವು: ಇಲ್ಲ. ರೋಗ: ಕಾಗೆ. ಉಳಿದ ಆರಕ್ಕೂ, ಅಂದರೆ ಕಬ್ಬಿಣದ ಹಕ್ಕಿ, ಮೂರು ಕಾಲಿನ ಕುರ್ಚಿ, ನಡುವೆ ತೂತಿರುವ ಬಂಡೆ ಮುಂತಾದವಕ್ಕೂ, ಹೀಗೆಯೇ ಬರೆದೆ. ಬಂಡೆಗೆ ತೂತು ಯಾಕೆಂದು ಮಾತ್ರ ಕೇಳಬಾರದು. ನಾನು ಒಮ್ಮೆ ಅದರ ಶಿಲ್ಪಿಯನ್ನು ಕೇಳಿ ಅರ್ಧ ಗಂಟೆ ಅನುಭವಿಸಿದ್ದೇನೆ.

ಈ ವರ್ಷ ಕಚೇರಿಯ ಗುಮಾಸ್ತರು ನನ್ನನ್ನು ಕರೆದರು. ಖಾಯಂ ಮಾಡಿ ಎಂದು ನಾನು ವರ್ಷವರ್ಷವೂ ಹಾಕುವ ಅರ್ಜಿ ಅವರ ಕೈಯಲ್ಲಿತ್ತು.

"ನೋಡ್ರೀ, ಇದೇ ಕೊನೆ. ಅಳತೆಗಾರನ ಖಾಯಂ ಜಾಗ ಇಷ್ಟು ವರ್ಷ ಖಾಲಿ ಬಿದ್ದಿದೆ ಅಂತ ಈ ತಿಂಗಳ ಕೊನೆಗೆ ರದ್ದು ಮಾಡ್ತಾರಂತೆ. ಆಮೇಲೆ ಖಾಯಮ್ಮೂ ಇಲ್ಲ, ತಾತ್ಕಾಲಿಕವೂ ಇಲ್ಲ."

"ಅರ್ಜಿ ಸರಿ ಇದೆಯಲ್ಲ?"

"ಎಲ್ಲಿ ಸರಿ ಇದೆ? 'ವಿಶೇಷ ಸಾಧನೆ' ಅನ್ನೋ ಮನೇಲಿ ಪ್ರತಿ ಸಲವೂ ಗೀಟು ಎಳೀತೀರ. ಹತ್ತೊಂಬತ್ತು ವರ್ಷದಲ್ಲಿ ಏನೂ ಮಾಡಿಲ್ವೇನ್ರೀ?"

"ಅಳತೆ ಮಾಡಿದೀನಿ."

"ಅದು ಕೆಲಸ. ಸಾಧನೆ ಬೇರೆ. ಏನಾದ್ರೂ ಹುಡುಕಿ. ಹಾಗೇ ಆರು ವರ್ಷದ ಅಳತೆಯನ್ನೆಲ್ಲ ಒಂದು ಪಟ್ಟಿ ಮಾಡಿ ಅರ್ಜಿ ಜೊತೆ ಇಡಿ."

ಪಟ್ಟಿ ಮಾಡಲು ಕೂತೆ. ಪ್ರತಿ ವರ್ಷಕ್ಕೂ ಬೇರೆ ಪುಸ್ತಕ. ಆರನ್ನೂ ಅಕ್ಕಪಕ್ಕ ತೆರೆದಿಟ್ಟುಕೊಂಡದ್ದು ಅದೇ ಮೊದಲು. ಗಿಡಗಳೆಲ್ಲ ಬೆಳೆದಿದ್ದವು, ಅವು ಬೆಳೆಯದೆ ಇನ್ನೇನು ಮಾಡುತ್ತವೆ? ಕೊನೆಯ ಹಾಳೆಗೆ ಬಂದಾಗ ನನ್ನ ಕೈ ನಿಂತಿತು. ಕಾಯುತ್ತಿರುವ ಹೆಂಗಸು: ಮೊದಲ ವರ್ಷ ಐದಡಿ ಎರಡಿಂಚು. ಎರಡನೇ ವರ್ಷ ಐದಡಿ ಮೂರಿಂಚಿಗೆ ಸ್ವಲ್ಪ ಕಡಿಮೆ. ಹೀಗೇ ಏರುತ್ತ ಏರುತ್ತ ಈ ವರ್ಷ ಐದಡಿ ಆರಿಂಚು.

ಎಲ್ಲ ನನ್ನದೇ ಕೈಬರಹ. ಬರೆಯುವಾಗ ಹೋದ ವರ್ಷದ ಅಂಕಿ ನೋಡುವ ಅಭ್ಯಾಸ ನನಗಿರಲಿಲ್ಲ. ಪ್ರತಿ ವರ್ಷವೂ ಹೊಸ ಮನಸ್ಸಿನಿಂದ ಅಳೆಯಬೇಕು ಎಂಬುದು ನನ್ನ ಸಿದ್ಧಾಂತ.

ಬುದ್ಧಿ ಇರುವ ಯಾರಾದರೂ ಆ ಕ್ಷಣದಲ್ಲಿ ಏನು ಯೋಚಿಸುತ್ತಿದ್ದರೋ ಗೊತ್ತಿಲ್ಲ. ನಾನು ಯೋಚಿಸಿದ್ದು ಇಷ್ಟು: ವಿಶೇಷ ಸಾಧನೆ ಸಿಕ್ಕಿತು!

ಆದರೂ ಅವಸರಪಡುವ ಜಾತಿ ನನ್ನದಲ್ಲ. ಕೋಲು ಹಿಡಿದು ಹೊರಟೆ. ಹೆಂಗಸಿನ ಮುಂದೆ ಟಕ್ ಟಕ್ ಟಕ್ ಕುಟ್ಟಿ ಅಳೆದೆ: ಐದಡಿ ಆರಿಂಚು. ಇನ್ನೊಂದು ಸಲ ಕುಟ್ಟಿ ಅಳೆದೆ. ಮತ್ತೊಂದು ಸಲ. ಮೂರು ಸಲವೂ ಒಂದೇ. ಕಬ್ಬಿಣದ ಹಕ್ಕಿ ನಾಲ್ಕಿಂಚು ಬೆಳೆದಿತ್ತು. ಕುರ್ಚಿ ನಾಲ್ಕಿಂಚು. ತೂತಿನ ಬಂಡೆಯೂ ನಾಲ್ಕಿಂಚು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ದರ್ಜಿ. ಮುಂಬಾಗಿಲ ಕೋಣೆಯಲ್ಲೇ ಅವಳ ಹೊಲಿಗೆ ಯಂತ್ರ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾರದೋ ಕೋಟಿನ ತೋಳು ಹೊಲಿಯುತ್ತಿದ್ದವಳು ಸೂಜಿ ತೆಗೆದಳು.

"ಕಲ್ಲು ಬೆಳೀತಾ?"

"ನಾಲ್ಕಿಂಚು."

"ಬಿಸಿಲಲ್ಲಿ ಟೊಪ್ಪಿ ಹಾಕ್ಕೊಂಡು ಹೋಗಿ ಅಂತ ಎಷ್ಟು ಸಲ ಹೇಳಿದೀನಿ ನಿಮಗೆ?"

"ಇದು ವಿಜ್ಞಾನ ಕಣೇ. ಮೂರು ಸಲ ಅಳೆದಿದೀನಿ."

"ಕಬ್ಬಿಣದ ಹಕ್ಕೀನೂ ಬೆಳೀತು ಅಂತೀರಲ್ಲ, ಮೊಟ್ಟೆ ಇಡ್ತಾ?" ಎಂದು ಸೂಜಿಯನ್ನು ಮತ್ತೆ ಬಾಯಿಗಿಟ್ಟುಕೊಂಡಳು. ಸೂಜಿ ಬಾಯಿಗೆ ಹೋದರೆ ನಮ್ಮ ಮನೆಯಲ್ಲಿ ಚರ್ಚೆ ಮುಗಿಯಿತೆಂದು ಅರ್ಥ.

ಮರುದಿನ ಬೆಳಿಗ್ಗೆ ನನಗೊಬ್ಬ ಸಾಕ್ಷಿ ಸಿಕ್ಕರು. ತೋಟದಲ್ಲಿ ನಿತ್ಯ ಎರಡು ಸುತ್ತು ನಡೆಯುವ ನಿವೃತ್ತ ಗಣಿತದ ಮೇಷ್ಟ್ರು. ಎಪ್ಪತ್ತೆಂಟು ವಯಸ್ಸು. ನಾನು ವಿಷಯ ಹೇಳಿ ಮುಗಿಸುವಷ್ಟರಲ್ಲಿ ಊರುಗೋಲನ್ನು ಗಾಳಿಯಲ್ಲಿ ಎತ್ತಿದರು.

"ನಂಗೆ ಗೊತ್ತಿತ್ತು! ಯಾರೂ ನಂಬಲ್ಲ ಅಂತ ಸುಮ್ನಿದ್ದೆ. ಈ ಹೆಂಗಸು ಬಂದ ವರ್ಷ ನಾನೂ ಅವಳೂ ಸಮಸಮ ಇದ್ವಿ. ಕಣ್ಣಿಗೆ ಕಣ್ಣು. ಈಗ ನೋಡಪ್ಪ, ತಲೆ ಎತ್ತಿ ನೋಡ್ಬೇಕು!"

ಬೆನ್ನು ಬಾಗಿ ಮೂರು ಇಂಚಾದರೂ ಕುಗ್ಗಿದ್ದ ಆ ಹಿರಿಯರು ಹೆಂಗಸಿನ ಪಕ್ಕ ನಿಂತು ತಲೆ ಎತ್ತಿ ತೋರಿಸಿದರು. ಕಣ್ಣಾರೆ ಕಂಡೆ. ಇನ್ನೇನು ಅನುಮಾನ?

ದೊಡ್ಡ ಸಾಹೇಬರು ಪಟ್ಟಿಯನ್ನು ಎರಡು ಸಲ ಓದಿದರು. ಇವರು ಹೊಸಬರು, ಬಂದು ಎಂಟು ತಿಂಗಳಾಗಿತ್ತು. ಅವರಿಗೂ ಮೇಲಿನವರ ಕಣ್ಣಿಗೆ ಬೀಳುವುದು ತುರ್ತಾಗಿ ಬೇಕಾಗಿತ್ತು ಎಂಬುದು ನನಗೆ ಆಮೇಲೆ ತಿಳಿದ ಸಂಗತಿ.

"ಏಳೂ ನಾಲ್ಕಿಂಚೇ ಬೆಳೆದಿವೆಯಲ್ಲಪ್ಪ?"

"ಹೌದು ಸಾರ್."

"ಕಲ್ಲೂ ನಾಲ್ಕು, ಕಬ್ಬಿಣವೂ ನಾಲ್ಕು?"

"ಹೌದು ಸಾರ್."

ಸಾಹೇಬರು ಮೇಜಿನ ಮೇಲೆ ಅಂಗೈ ಬಡಿದರು. "ಅದೇ ಪುರಾವೆ! ಒಂದೇ ಮಣ್ಣು, ಒಂದೇ ನೀರು, ಒಂದೇ ಬೆಳವಣಿಗೆ. ಬೇರೆ ಬೇರೆ ಬಂದಿದ್ರೆ ನಾನೇ ಅನುಮಾನ ಪಡ್ತಿದ್ದೆ. ಮಣ್ಣಲ್ಲಿ ಏನೋ ಇದೆ ಕಣಯ್ಯ. ನಾನು ಬಂದ ಮೇಲೆ ಹಾಕಿಸಿದ ಗೊಬ್ಬರ ಯಾವುದು?"

ಆರು ವರ್ಷದ ಬೆಳವಣಿಗೆಗೆ ಎಂಟು ತಿಂಗಳ ಗೊಬ್ಬರ ಹೇಗೆ ಕಾರಣ ಎಂದು ಕೇಳಬಹುದಿತ್ತು. ಆದರೆ ನನ್ನ ಅರ್ಜಿ ಅವರ ಮೊಣಕೈ ಕೆಳಗಿತ್ತು. ಅವರೇ ಅದನ್ನು ಎಳೆದು, 'ವಿಶೇಷ ಸಾಧನೆ' ಮನೆಯಲ್ಲಿ ತಮ್ಮ ಲೇಖನಿಯಿಂದ ಬರೆದರು: ನಿರ್ದೇಶಕರ ಮಾರ್ಗದರ್ಶನದಲ್ಲಿ ಶಿಲಾ ಬೆಳವಣಿಗೆಯನ್ನು ಪತ್ತೆ ಹಚ್ಚಿರುತ್ತಾರೆ.

"ಸಹಿ ಮಾಡಿ ಸಾರ್," ಎಂದೆ ಮೆಲ್ಲಗೆ.

"ಶನಿವಾರ ಎಲ್ಲರ ಎದುರು ಅಳೆಯೋಣ. ಅಲ್ಲೇ ಮಾಡ್ತೀನಿ. ಪತ್ರಿಕೆಯವರೂ ಇರಲಿ."

ಪತ್ರಿಕೆಗೆ ಸುದ್ದಿ ಹೋಯಿತು. ಗುರುವಾರದಿಂದಲೇ ಜನ ಬರತೊಡಗಿದರು. ಕುಳ್ಳಗಿದ್ದ ಮಗನನ್ನು ಒಬ್ಬ ತಾಯಿ ದಿನಕ್ಕೆ ಎರಡು ಗಂಟೆ ಹೆಂಗಸಿನ ಪಕ್ಕ ನಿಲ್ಲಿಸಿದಳು. ಬೋಳುತಲೆಯವನೊಬ್ಬ ಅಲ್ಲಿನ ಮಣ್ಣನ್ನು ಚೀಲಕ್ಕೆ ತುಂಬಿಕೊಂಡ. ಯಾಕೆಂದು ಕೇಳಿದ್ದಕ್ಕೆ ತಲೆ ಮುಟ್ಟಿ ತೋರಿಸಿ ಕಣ್ಣು ಮಿಟುಕಿಸಿದ. ಗೇಟಿನ ಕಾವಲುಗಾರ ಬಂದವರಿಗೆಲ್ಲ, "ಸಂಜೆ ಹೊತ್ತು ಕಿವಿಗೊಟ್ರೆ ಬೆಳೆಯೋ ಸದ್ದು ಕೇಳುತ್ತೆ" ಎಂದು ಹೇಳತೊಡಗಿದ. ಎರಡನೇ ದಿನ ಅವನೇ ಕಿವಿಗೊಟ್ಟು ನಿಂತಿದ್ದನ್ನು ನಾನು ನೋಡಿದೆ. ನಾನೋ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೋಲು ಕುಟ್ಟುತ್ತ, ಕೇಳಿದವರಿಗೂ ಕೇಳದವರಿಗೂ ವಿವರಿಸುತ್ತಿದ್ದೆ. ಕಲ್ಲಿಗೆ ಮಾತು ಬಂದಿದ್ದರೆ ನನ್ನನ್ನು ನೋಡಿ ಮೊದಲು ನಗುತ್ತಿತ್ತು.

ಶನಿವಾರ ಹತ್ತು ಗಂಟೆಗೆ ಇನ್ನೂರು ಜನ ಸೇರಿದ್ದರು. ಹೆಂಗಸನ್ನು ಕೆತ್ತಿದ ಶಿಲ್ಪಿಯೂ ಬಂದಿದ್ದರು. ಬಿಳಿ ಕೂದಲಿನ, ಎಲ್ಲವನ್ನೂ ಅರ್ಧ ಕಣ್ಣಲ್ಲಿ ನೋಡುವ ಮಹಿಳೆ.

"ಇದನ್ನ ಎಷ್ಟು ಎತ್ತರ ಕೆತ್ತಿದ್ರಿ ಮೇಡಂ?" ಎಂದರು ಪತ್ರಿಕೆಯವರು.

"ನಾನು ಅಳತೆ ಇಟ್ಕೊಂಡು ಕೆತ್ತೋದಿಲ್ಲ. ಕಲ್ಲು ಎಲ್ಲಿ ಸಾಕು ಅನ್ನುತ್ತೋ ಅಲ್ಲಿ ಕೈ ನಿಲ್ಲಿಸ್ತೀನಿ."

"ಬರ್ಕೊಳ್ಳಿ," ಎಂದರು ಸಾಹೇಬರು, "ಈ ಕಲ್ಲು ಇನ್ನೂ ಸಾಕು ಅಂದಿಲ್ಲ!"

ಚಪ್ಪಾಳೆ ಬಿತ್ತು. ನನಗೆ ಸನ್ನೆ ಮಾಡಿದರು. ನಾನು ಮುಂದೆ ಬಂದು, ಇನ್ನೂರು ಜನಕ್ಕೂ ಕೇಳುವ ಹಾಗೆ ಕೋಲನ್ನು ಮೂರು ಸಲ ಕುಟ್ಟಿ, ಹೆಂಗಸಿಗೆ ಆನಿಸಿ, "ಐದಡಿ ಆರಿಂಚು!" ಎಂದು ಕೂಗಿದೆ. ಸಾಹೇಬರ ಕೈಯಲ್ಲಿ ನನ್ನ ಅರ್ಜಿ, ಇನ್ನೊಂದು ಕೈಯಲ್ಲಿ ಲೇಖನಿ. ಮುಚ್ಚಳವನ್ನೂ ತೆಗೆದಿದ್ದರು.

ಆಗ ಜನರ ನಡುವಿನಿಂದ ನನ್ನ ಹೆಂಡತಿ ಬಂದಳು. ಗಡಿಬಿಡಿಯಲ್ಲಿ ಊಟದ ಡಬ್ಬಿ ಮರೆತು ಬಂದಿದ್ದೆ. ಅವಳು ಡಬ್ಬಿ ಕೊಟ್ಟು ಹೋಗಬಹುದಿತ್ತು. ಆದರೆ ಹೆಂಗಸನ್ನು ಅಷ್ಟು ಹತ್ತಿರದಿಂದ ಅವಳು ನೋಡಿದ್ದು ಅದೇ ಮೊದಲು. ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ದರ್ಜಿಯ ನೋಟ.

"ಇವಳು ಐದಡಿ ಆರಿಂಚಾ?" ಎಂದಳು. "ನಮ್ಮ ಪಕ್ಕದ ಮನೆಯಾಕೆ ಅಷ್ಟೆತ್ತರ ಇದಾರೆ. ಇವಳು ಅವರ ಹುಬ್ಬಿಗೂ ಬರಲ್ಲ."

"ಯಾರಮ್ಮ ನೀನು?" ಎಂದರು ಸಾಹೇಬರು.

ಅವಳು ಕೊರಳಿಗೆ ಕೈ ಹಾಕಿದಳು. ಕೊರಳಲ್ಲಿ ಟೇಪು ಇತ್ತು. ಅದು ಸದಾ ಇರುತ್ತದೆ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಟೇಪಿನ ತುದಿಯನ್ನು ಕಾಲಲ್ಲಿ ಮೆಟ್ಟಿ, ಹೆಂಗಸಿನ ನೆತ್ತಿಯತ್ತ ಎಳೆದಳು. ಟೇಪು ಮುಗಿದಲ್ಲಿ ಬೆರಳಿಟ್ಟು ಮತ್ತೆ ಹಿಡಿದಳು.

"ಐದಡಿ ಎರಡಿಂಚು."

ಸಾಹೇಬರು ಮುಂದೆ ನುಗ್ಗಿದರು. "ಬಟ್ಟೆ ಟೇಪು! ಜಗ್ಗಿರುತ್ತೆ, ಅದಕ್ಕೇ ಕಡಿಮೆ ತೋರಿಸ್ತಿದೆ!"

ಅಷ್ಟು ಅನ್ನಬಾರದಿತ್ತು.

"ನನ್ನ ಟೇಪಾ?" ಎಂದಳು ನನ್ನ ಹೆಂಡತಿ. "ಹೋದ ತಿಂಗಳು ತಗೊಂಡಿದ್ದು. ವರ್ಷಕ್ಕೊಂದು ಬದಲಾಯಿಸ್ತೀನಿ. ನಾನು ಹೊಲಿದ ಅಂಗಿ ಬಿಗಿ ಆಯ್ತು ಅಂತ ಯಾರಾದ್ರೂ ಬಂದಿದ್ರೆ ಅವರ ಹೊಟ್ಟೆ ಬೆಳೆದಿರುತ್ತೆ, ನನ್ನ ಟೇಪು ಸುಳ್ಳು ಹೇಳಿರಲ್ಲ. ತನ್ನಿ ಇಲ್ಲಿ ಆ ಕೋಲು!"

ಕೋಲನ್ನು ನನ್ನ ಕೈಯಿಂದ ಕಿತ್ತುಕೊಂಡು ನೆಲಕ್ಕೆ ಮಲಗಿಸಿದಳು. ಎರಡನೇ ಅಡಿ ಅಳೆದಳು: ಹನ್ನೆರಡು ಇಂಚು. ಮೂರನೇ ಅಡಿ: ಹನ್ನೆರಡು. ಕೊನೆಗೆ ಬುಡದ ಮೊದಲನೇ ಅಡಿಗೆ ಬಂದಳು.

"ಎಂಟಿಂಚು," ಎಂದಳು. ಆಮೇಲೆ ಬುಡವನ್ನು ಎತ್ತಿ ನೋಡಿದಳು. ಅದು ಹಳೆಯ ಪೊರಕೆಯ ಹಾಗೆ ನಾರುನಾರಾಗಿ ಸವೆದಿತ್ತು.

ನಾನು ಕೋಲಿನ ಬುಡ ನೋಡಿಯೇ ಇರಲಿಲ್ಲ. ಅಳೆಯುವವನ ಕಣ್ಣು ಮೇಲಿನ ಗೆರೆಯ ಮೇಲಿರುತ್ತದೆ. ಕೋಲು ಬಂದದ್ದು ಶಿಲ್ಪಗಳು ಬಂದ ವರ್ಷವೇ. ಬುಡಕ್ಕೆ ಕಬ್ಬಿಣದ ಕಟ್ಟು ಹಾಕಲೇ ಎಂದು ಬಡಗಿ ಕೇಳಿದ್ದ. ಬೇಡ ಎಂದವನು ನಾನೇ. ಬರೀ ಮರದ ಸದ್ದು ಹೆಚ್ಚು ಗಂಭೀರವಾಗಿತ್ತು.

ಗಣಿತದ ಮೇಷ್ಟ್ರು ಕಣ್ಣು ಮುಚ್ಚಿ ಬೆರಳು ಮಡಚುತ್ತಿದ್ದರು. "ಗಿಡ, ಶಿಲ್ಪ ಸೇರಿ ಎರಡು ಸಾವಿರದ ಮುನ್ನೂರ ನಲವತ್ತೇಳು. ಒಂದಕ್ಕೆ ಮೂರು ಕುಟ್ಟು. ಆರು ವರ್ಷಕ್ಕೆ ನಲವತ್ತೆರಡು ಸಾವಿರದ ಇನ್ನೂರ ನಲವತ್ತಾರು ಕುಟ್ಟು. ನಾಲ್ಕಿಂಚು ಸವೆದಿದ್ದು ಕಮ್ಮೀನೇ ಕಣಪ್ಪ. ಮರ ಒಳ್ಳೇದಿದೆ." ಸ್ವಲ್ಪ ತಡೆದು ಹೆಂಗಸಿನತ್ತ ತಿರುಗಿದರು. "ಅಂದ್ರೆ ಕುಗ್ಗಿದ್ದು ನಾನಾ?"

ಶಿಲ್ಪಿ ಅವತ್ತು ಮೊದಲ ಸಲ ಎರಡೂ ಕಣ್ಣು ತೆರೆದು, ಮನಸಾರೆ ನಗತೊಡಗಿದರು. ಪತ್ರಿಕೆಯವರು ಈಗ ಇನ್ನೂ ಜೋರಾಗಿ ಬರೆದುಕೊಳ್ಳುತ್ತಿದ್ದರು. ಸಾಹೇಬರು ಲೇಖನಿಗೆ ಮುಚ್ಚಳ ಹಾಕಿದರು. ಆ ಸಣ್ಣ ಸದ್ದು ನನಗೆ ಇನ್ನೂರು ಜನರ ನಗುವಿಗಿಂತ ಜೋರಾಗಿ ಕೇಳಿಸಿತು.

ಮನೆ ತಲುಪಿದ ಮೇಲೆ ಅವಳು ಯಂತ್ರದ ಮುಂದೆ ಕೂತಳು, ಆದರೆ ತುಳಿಯಲಿಲ್ಲ.

"ನಾನು ಬಾಯಿ ಮುಚ್ಕೊಂಡಿರಬೇಕಿತ್ತು. ಅವರು ಸಹಿ ಹಾಕೋವರೆಗಾದ್ರೂ."

"ಅಳತೆ ಸರಿಯಾಗೇ ಇತ್ತಲ್ಲ."

"ಸರಿಯಾಗಿದ್ದೇನು ಪ್ರಯೋಜನ? ಹತ್ತೊಂಬತ್ತು ವರ್ಷ ಒಂದೇ ಸಲಕ್ಕೆ ಕತ್ತರಿಸಿ ಹಾಕ್ದೆ."

ಅವಳ ಕಣ್ಣು ತುಂಬಿತ್ತು. ನಾನು ಊಟದ ಡಬ್ಬಿ ತೆಗೆದೆ. ಇಬ್ಬರೂ ಅದರಲ್ಲೇ ಉಂಡೆವು.

ತಿಂಗಳ ಕೊನೆಗೆ ಎರಡು ದಿನ ಇರುವಾಗ ಗುಮಾಸ್ತರು ಹೇಳಿಕಳಿಸಿದರು. ಮನೆಗೆ ಕಳಿಸುವ ಕಾಗದವೇ ಇರಬೇಕೆಂದುಕೊಂಡು ಹೋದೆ. ತೋಟದ ಬೀಗದ ಕೈ, ಕೋಲು, ಆರೂ ಪುಸ್ತಕ ಹೊತ್ತುಕೊಂಡೇ ಹೋದೆ.

"ಅದೆಲ್ಲ ಯಾಕೆ ತಂದ್ರಿ? ಕೂತ್ಕೊಳ್ಳಿ," ಎಂದರು ಗುಮಾಸ್ತರು. ಇಷ್ಟು ವರ್ಷದಲ್ಲಿ ಅವರು ಕೂರಿಸಿ ಮಾತಾಡಿದ್ದು ಇದೇ ಮೊದಲು. "ಈ ಅವಾಂತರಕ್ಕೆ ಹೊಣೆ ಯಾರು ಅಂತ ಮೇಲಿನವರು ಕೇಳಿದ್ರು. ಸಾಹೇಬರು ನಿಮ್ಮ ಹೆಸರು ಬರೆದು ಕಳಿಸಿದ್ರು. ಅದು ವಾಪಸ್ ಬಂತು."

"ಯಾಕೆ?"

"ನಿಯಮ. ಶಿಸ್ತು ಕ್ರಮ ಖಾಯಂ ನೌಕರರ ಮೇಲೆ ಮಾತ್ರ. ತಾತ್ಕಾಲಿಕದವರು ಪಟ್ಟೀಲೇ ಇರಲ್ಲ. ಪಟ್ಟೀಲಿ ಇಲ್ಲದೋನು ತಪ್ಪು ಮಾಡೋದಾದ್ರೂ ಹೇಗೆ?"

"ಮನೆಗೆ ಕಳಿಸಬಹುದಲ್ಲ?"

"ಕಳಿಸಬಹುದು. ಆಮೇಲೆ ಬೈಯೋಕೆ ಯಾರಿರ್ತಾರೆ? ಖಾಯಂ ನೌಕರ ಅಂತ ಒಬ್ಬ ಸಿಗದಿದ್ರೆ ಹೊಣೆ ಸೀದಾ ಸಾಹೇಬರ ತಲೆ ಮೇಲೆ ಬರುತ್ತೆ." ಗುಮಾಸ್ತರು ದನಿ ತಗ್ಗಿಸಿದರು. "ನಿನ್ನೆ ಅವರೇ ಕೂತು ನಿಮ್ಮ ಅರ್ಜಿ ಹುಡುಕಿದ್ರು."

ಅಷ್ಟರಲ್ಲಿ ಸಾಹೇಬರು ಬಂದರು. ನನ್ನ ಮುಖ ನೋಡದೆ ಎರಡು ಕಾಗದಕ್ಕೆ ಸಹಿ ಹಾಕಿದರು. ಒಂದು, ಈ ತಿಂಗಳ ಮೊದಲನೇ ತಾರೀಖಿನಿಂದ ನನ್ನನ್ನು ಖಾಯಂ ಮಾಡಿದ ಆದೇಶ. ಇನ್ನೊಂದು, ಅದೇ ತಿಂಗಳ ಶನಿವಾರದಂದು ಖಾಯಂ ನೌಕರನಾಗಿ ನಾನು ಎಸಗಿದ ತಪ್ಪಿಗೆ ಲಿಖಿತ ಛೀಮಾರಿ. ಮೊದಲ ತಪ್ಪಿಗೆ ಅಷ್ಟೇ ಶಿಕ್ಷೆಯಂತೆ. ಮೊದಲಿನದು ಎರಡೇ ಸಾಲು. ಎರಡನೆಯದು ಒಂದೂವರೆ ಪುಟ.

ಓಡುತ್ತ ಮನೆಗೆ ಬಂದೆ. ಹೆಂಡತಿ ಮೊದಲ ಕಾಗದ ಓದಿ ಗೋಡೆಗೆ ಒರಗಿ ನಿಂತಳು. ಎರಡನೆಯದನ್ನು ಕೈಗೆತ್ತಿಕೊಂಡಳು.

"'ಖಾಯಂ ನೌಕರರಾದ ತಾವು ಹೀಗೆ ನಡೆದುಕೊಂಡದ್ದು ಈ ಕಚೇರಿಯ ಘನತೆಗೆ ಕುಂದು ತಂದಿದೆ...' ಅಯ್ಯೋ, ಇದು ಬೈಗುಳ!"

"ಇನ್ನೊಂದು ಸಲ ಓದು."

"ಬೈದಿದ್ದನ್ನಾ?"

"ಮೊದಲಿನ ಮೂರು ಪದ ಸಾಕು."

ಅವಳು ಓದಿದಳು. ನಾನು ಎದ್ದು ನಿಂತು ಕೇಳಿಸಿಕೊಂಡೆ. ನಮ್ಮ ಗದ್ದಲ ಕೇಳಿ ಪಕ್ಕದ ಮನೆಯಾಕೆ ಕಿಟಕಿಯಿಂದ ತಲೆ ಹಾಕಿ, "ಏನ್ರೀ ಅಷ್ಟು ಖುಷಿ? ಏನು ಬಂತು?" ಎಂದರು.

ನನ್ನ ಹೆಂಡತಿ ಕಾಗದವನ್ನು ಎತ್ತಿ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು:

"ನಮ್ಮನೆಯವರಿಗೆ ಛೀಮಾರಿ ಬಂದಿದೆ ಕಣ್ರೀ! ಸುಮ್ಮಸುಮ್ನೆ ಎಲ್ಲರಿಗೂ ಕೊಡಲ್ಲ ಅದನ್ನ!"